ಬಿರುಗಾಳಿ ಭಾವನ ಮಗಳ ಮೂಗು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಗಡಿಯಾರ ರಿಪೇರಿ ಮಾಡುತ್ತಾರೆ. ಮಾರುಕಟ್ಟೆಯಲ್ಲಿ ಅವರಿಗೆ ಬಿರುಗಾಳಿ ಅಂತ ಅಡ್ಡಹೆಸರು. ಕೈ ಬಂಗಾರ, ಮೂಗು ಮಾತ್ರ ಶತ್ರು. ಒಂಚೂರು ಧೂಳು ಎದ್ದರೂ ಸೀನು. ಬಿಚ್ಚಿಟ್ಟ ಕೈಗಡಿಯಾರದ ಮೇಲೆ ಸೀನಿದರೆ ಸಾಸಿವೆಗಿಂತ ಸಣ್ಣ ಸ್ಕ್ರೂಗಳು ಎಲ್ಲಿ ಹೋದವೋ ದೇವರಿಗೇ ಗೊತ್ತು. ಅದಕ್ಕೇ ಮೂಗು ತುರಿಸಿದ ಕೂಡಲೇ ಗಾಜಿನ ಲೋಟವನ್ನು ಗಡಿಯಾರದ ಮೇಲೆ ಬೋರಲು ಹಾಕಿ, ಗೋಡೆಯ ಕಡೆ ತಿರುಗಿ ಸೀನುತ್ತಾರೆ. ತಡವಾದ ದಿನ ಅವರೂ ಗಿರಾಕಿಯೂ ಅಯಸ್ಕಾಂತ ಹಿಡಿದು ನೆಲದ ಮೇಲೆ ತೆವಳುತ್ತಾರೆ.

ಅಕ್ಕ ಬಸುರಿಯಾದಾಗ ಭಾವನಿಗೆ ಇದ್ದದ್ದು ಒಂದೇ ಆಸೆ, ಮಗು ತನ್ನ ಪಕ್ಕ ಕೂತು ಈ ಕೆಲಸ ಕಲಿಯಬೇಕು. ಭಯವೂ ಒಂದೇ, ತನ್ನ ಮೂಗೇ ಬಂದುಬಿಟ್ಟರೆ? ಕೊನೆಗಳಿಗೆಯಲ್ಲಿ ಸಿಸೇರಿಯನ್ ಆಯಿತು. ಹೆಣ್ಣು ಮಗು. ಆಪರೇಷನ್ ಮಕ್ಕಳಿಗೆ ಮೂಗಿನ ಅಲರ್ಜಿ ಜಾಸ್ತಿಯಂತೆ ಎಂದು ಭಾವನ ತಾಯಿ ವಾರ್ಡಿನಲ್ಲೇ ರಾಗ ಎಳೆದರು. ಹೊಲಿಗೆಯ ನೋವಿನಲ್ಲೂ ಸುಮ್ಮನಿರುವ ಪೈಕಿ ಅಲ್ಲ ನಮ್ಮಕ್ಕ.

"ಇವ್ರನ್ನ ನೀವು ಮನೇಲೇ ಹೆತ್ರಲ್ಲ ಅತ್ತೆ, ಇವ್ರ ಮೂಗಿಗೇನಾಯ್ತು?"

ಅತ್ತೆ ಮುಖ ತಿರುಗಿಸಿ ಕೂತರು. ಅಷ್ಟರಲ್ಲಿ ಮಗು ಸೀನಿತು. ಭಾವ ತಲೆ ಮೇಲೆ ಕೈ ಹೊತ್ತರು.

ಹುಟ್ಟಿದ ಮಕ್ಕಳೆಲ್ಲ ಸೀನುತ್ತವೆ, ಮೂಗು ಚೊಕ್ಕಟ ಮಾಡಿಕೊಳ್ಳುವುದೇ ಹಾಗೆ ಎಂದು ಡಾಕ್ಟರಮ್ಮ ಸಮಾಧಾನ ಹೇಳಿದರು. ಸಹಜ ಹೆರಿಗೆಯಲ್ಲಿ ತಾಯಿಯಿಂದ ಬರುವ ಒಳ್ಳೆಯ ಸೂಕ್ಷ್ಮಜೀವಿಗಳು ಆಪರೇಷನ್ನಿನಲ್ಲಿ ಕಡಿಮೆ ಸಿಗುತ್ತವೆ, ಅಲರ್ಜಿಗೂ ಅದಕ್ಕೂ ನಂಟು ಇದ್ದೀತು ಎಂದರು. ಅಂಥ ಜೀವಿಗಳಿರುವ ಪ್ರೊಬಯಾಟಿಕ್ ಹನಿಯಿಂದ ಕೆಲವು ಮಕ್ಕಳಿಗೆ ಉಪಯೋಗ ಆಗಬಹುದು, ಖಾತ್ರಿ ಮಾತ್ರ ಇಲ್ಲ ಎಂದೂ ಸೇರಿಸಿದರು. ಭಾವನ ಕಿವಿಗೆ ಬಿದ್ದದ್ದು ಉಪಯೋಗ ಒಂದೇ. ಕಾಡಿ ಬೇಡಿ ಚೀಟಿ ಬರೆಸಿಕೊಂಡರು.

ಮನೆಗೆ ಬಂದು ಗಡಿಯಾರ ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿ ಮೊದಲ ಹನಿಯನ್ನು ಪರೀಕ್ಷಿಸಿದರು. ಒಂದು ಜೀವಿಯೂ ಕಾಣಲಿಲ್ಲ. ಮೆಡಿಕಲ್ ಶಾಪಿನವನು ಟೋಪಿ ಹಾಕಿದ್ದಾನೆ ಎಂದು ಜಗಳಕ್ಕೆ ಹೊರಟೇಬಿಟ್ಟರು. ನಾನೇ ಬಾಗಿಲಿಗೆ ಅಡ್ಡ ನಿಂತು ತಡೆದೆ. ಆಮೇಲೂ ದಿನಾ ಹನಿ ಹಾಕುವಾಗ ಕಣ್ಣಲ್ಲಿ ಆ ಗಾಜು ಇರಲೇಬೇಕು. ಅಪ್ಪನಿಗೆ ಹುಟ್ಟಿನಿಂದಲೇ ಒಂದು ಕಣ್ಣು ಉದ್ದ ಅಂತ ಮಗು ತಿಳಿದಿದ್ದರೆ ಆಶ್ಚರ್ಯವಿಲ್ಲ.

ಹುಡುಗಿ ಈಗ ಶಾಲೆಗೆ ಹೋಗುತ್ತಾಳೆ. ಹನಿಯಿಂದಲೋ ಅದೃಷ್ಟದಿಂದಲೋ, ಮೂಗು ಶುಭ್ರ. ಅದೆಲ್ಲ ತನ್ನ ಆರೈಕೆ ಎನ್ನುತ್ತಾರೆ ಭಾವನ ತಾಯಿ.

ಮೊನ್ನೆ ಭಾವ ಮೊದಲ ಸಲ ಅವಳನ್ನು ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿ, ಚಿಮಟ ಕೊಟ್ಟರು. ನಾನೂ ಅಲ್ಲೇ ಇದ್ದೆ. ಹುಡುಗಿ ಸ್ಕ್ರೂ ಎತ್ತಿದಳು, ಕೈ ಅಲುಗಲಿಲ್ಲ. ಉಸಿರು ಬಿಗಿಹಿಡಿದು ನೋಡುತ್ತಿದ್ದ ಭಾವನ ಕಣ್ಣಲ್ಲಿ ನೀರು ತುಂಬಿತು. ಅದೇ ಹೊತ್ತಿಗೆ ಅವರಿಗೆ ಸೀನು ಬಂತು. ಪುಣ್ಯಕ್ಕೆ ಗೋಡೆಯ ಕಡೆ ತಿರುಗಿದರು, ಸ್ಕ್ರೂ ಉಳಿಯಿತು. ಆದರೆ ಅಪ್ಪನ ಸೀನಿಗೆ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ಸ್ಕ್ರೂ ಹಾರಿತು. ಇನ್ನೊಂದು ಕೊಟ್ಟರು. ಮತ್ತೆ ಸೀನು, ಮತ್ತೆ ನಗು, ಅದೂ ಹೋಯಿತು.

ಅಪ್ಪ, ಮಗಳು ಅಯಸ್ಕಾಂತ ಹಿಡಿದು ಮೇಜಿನಡಿ ಸೇರಿದರು. ಅಲ್ಲಿಂದಲೇ ಭಾವ ನನಗೆ ಹೇಳಿದರು, "ಈ ನಗೂಗೆ ಏನಾದ್ರೂ ಹನಿ ಇದ್ಯಾ ಅಂತ ಡಾಕ್ಟರಮ್ಮನ್ನ ಕೇಳ್ಕೊಂಡು ಬಾಮ್ಮ."

ನಾನು ಚಪ್ಪಲಿ ಮೆಟ್ಟಿಕೊಂಡೆ. ಮೇಜಿನಡಿ ಮತ್ತೆ ನಗು, ಈ ಸಲ ಇಬ್ಬರದೂ.

"ಬೇಡ, ಇರು," ಅಂದರು ಭಾವ. "ಇದ್ರೂ ತರಬೇಡ."