ಕೊಡೆಕಡ್ಡಿಯ ಕೊಕ್ಕೆ

ಹೋದ ವಾರ ಗುಂಡಿ ಹುಡುಕಲು ಹಳೆಯ ಹೊಲಿಗೆ ಡಬ್ಬಿ ತೆಗೆದಾಗ ತುಕ್ಕು ಹಿಡಿದ ಸಣ್ಣ ಕೊಕ್ಕೆಯೊಂದು ಕೈಗೆ ಸಿಕ್ಕಿತು. ಮುರಿದ ಕೊಡೆಯ ಕಡ್ಡಿಯ ತುದಿ ಬಗ್ಗಿಸಿ ಮಾಡಿದ್ದು. ಮೂಗಿನ ಹತ್ತಿರ ಹಿಡಿದೆ. ನೂಲಿಗೆ ಹಚ್ಚುವ ಗಂಜಿಯ ವಾಸನೆ ಇನ್ನೂ ಇತ್ತೋ, ನನಗೇ ಹಾಗನ್ನಿಸಿತೋ... ನಿಮ್ಮಲ್ಲಿ ಸಣ್ಣವಳು ಇಣುಕಿ, "ಇದೇನಜ್ಜಿ? ಒಗದು ಬಿಡ್ಲೇನು?" ಎಂದಳು. ಕೊಕ್ಕೆಯನ್ನು ಅವಳ ಕೈಗೆ ಕೊಟ್ಟೆ. ಬೇಕು, ಬೇಡ ಎನ್ನಲು ಮೊದಲಿನಿಂದಲೂ ನನಗೆ ಸಂಕೋಚ.

ಆಗ ನಿಮ್ಮ ಅಜ್ಜ ತೀರಿಕೊಂಡು ಎರಡು ವರ್ಷವಾಗಿತ್ತು. ನಿಮ್ಮ ಅಪ್ಪ ಧಾರವಾಡದಲ್ಲಿ ಓದುತ್ತಿದ್ದ. ಬನಹಟ್ಟಿಯ ಈ ಮನೆಯಲ್ಲಿ ಎರಡು ಕೈಮಗ್ಗಗಳಿದ್ದವು. ಬೇರೆ ಮನೆ ಮಾಡಿಕೊಂಡಿದ್ದ ನನ್ನ ಮೈದುನ ಹಗಲು ಬಂದು ಒಂದರಲ್ಲಿ ನೇಯುತ್ತಿದ್ದ. ನಿಮ್ಮ ಅಜ್ಜನ ಮಗ್ಗ ಸುಮ್ಮನೆ ನಿಂತಿತ್ತು. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಗೆ ಹಾಕುವ ನೂಲು ಸುತ್ತಿಕೊಡುವುದಷ್ಟೇ ನನ್ನ ಕೆಲಸ. ನೇಯುವವರು ಕಾಲು ಇಳಿಬಿಟ್ಟು ಕೂರುವ ತಗ್ಗು, ಆ ಮಗ್ಗದ ಕುಣಿಗೆ ನಾನು ಒಂದು ದಿನವೂ ಇಳಿದವಳಲ್ಲ.

ಆ ವರ್ಷ ನೇಕಾರರ ಸಂಘದವರು ಒಬ್ಬ ಹುಡುಗಿಯನ್ನು ಕರೆತಂದರು. ಜರ್ಮನಿಯವಳು, ಅಲ್ಲಿ ಕಾಲೇಜಿನಲ್ಲಿ ನೇಯ್ಗೆ ಓದುತ್ತಿದ್ದಳು. ಆರು ತಿಂಗಳು ಬೇರೆ ದೇಶದಲ್ಲಿ ಕೆಲಸ ಮಾಡಬೇಕೆಂಬುದು ಅವರ ಓದಿನ ಕಟ್ಟಳೆಯಂತೆ. ಹೆಂಗಸಿನ ಮನೆಯೆಂದು ನಮ್ಮಲ್ಲಿ ಇಳಿಸಿದರು.

ಮೊದಲ ವಾರ ಇಬ್ಬರಿಗೂ ಕಷ್ಟವಾಯಿತು. ತಾಟಿನಲ್ಲಿ ಬಿಟ್ಟರೆ ತಪ್ಪೆಂದು ಅವಳು ಎಲ್ಲವನ್ನೂ ತಿಂದು ಮುಗಿಸುತ್ತಿದ್ದಳು. ತಾಟು ಬರಿದಾಯಿತೆಂದು ನಾನು ಇನ್ನೊಂದು ರೊಟ್ಟಿ ಹಾಕುತ್ತಿದ್ದೆ. ನಾಲ್ಕನೆಯ ದಿನ ಹೊಟ್ಟೆ ಹಿಡಿದುಕೊಂಡು ಮಲಗಿದಳು. ಇನ್ನು, ನೀರು ಕೊಟ್ಟರೂ ಥ್ಯಾಂಕ್ಯೂ, ಬಾಗಿಲು ತೆರೆದರೂ ಥ್ಯಾಂಕ್ಯೂ. ಮೈದುನ ನಗುತ್ತಿದ್ದ: "ವೈನಿ, ಇಪ್ಪತ್ತ ವರ್ಷ ನಮಗ ನೀರ ಕೊಟ್ಟೀರಿ. ಒಬ್ಬರರ ಥ್ಯಾಂಕ್ಯೂ ಅಂದೀವೇನ್ರಿ? ಈಕಿ ನಮ್ಮೆಲ್ಲಾರದೂ ಸೇರಿಸಿ ಹೇಳಾಕತ್ತಾಳ!"

ಅವಳು ಮೈದುನನ ಮಗ್ಗದಲ್ಲಿ ಕಲಿತಳು. ನಾಲ್ಕು ತಿಂಗಳಲ್ಲಿ ನಮ್ಮ ಮಾತೂ ಬಂತು. ನನ್ನನ್ನು ಅಕ್ಕಾ ಎನ್ನುತ್ತಿದ್ದಳು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮಲ್ಲಿ ಸೀರೆ ನೇಯ್ದು ಮುಗಿದ ಮೇಲೆ ಮಗ್ಗ ಪೂರ್ತಿ ಬರಿದು ಮಾಡುವುದಿಲ್ಲ. ಉದ್ದ ಎಳೆಗಳ ಹಾಸಿನ ತುದಿಯನ್ನು ಗೇಣಿನಷ್ಟು, ಬಾಚಣಿಗೆಯಂಥ ಹಣಿಗೆಯ ಸಂದಿಗಳಲ್ಲೇ ಉಳಿಸುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಬೂದಿ ಹಚ್ಚಿ ಆ ತುದಿಗೆ ಹೊಸೆಯುತ್ತಾರೆ. ಹೀಗೆ ಒಂದು ಸೀರೆ ಇನ್ನೊಂದನ್ನು ಹಿಡಿದುಕೊಂಡೇ ಬರುತ್ತದೆ. ನಿಮ್ಮ ಅಜ್ಜ ನೇಯ್ದ ಕೊನೆಯ ಸೀರೆಯ ತುದಿ ಹಾಗೇ ಇತ್ತು. ನಾನು ದಿನವೂ ಅದರ ಧೂಳು ಝಾಡಿಸುತ್ತಿದ್ದೆ. ಯಾರೂ ಅದನ್ನು ಮುಟ್ಟಬಾರದೆಂದು ನನ್ನ ಮನಸ್ಸಿನಲ್ಲಿತ್ತು. ಮುಟ್ಟಬೇಡಿ ಎಂದು ಯಾರಿಗೂ ಹೇಳಿಯೂ ಇರಲಿಲ್ಲ...

ಅವಳು ಊರಿಗೆ ಹೊರಡಲು ಎರಡು ವಾರವಿತ್ತು. ನಾನು ತೇರದಾಳಕ್ಕೆ ತಂಗಿಯ ಮನೆಗೆ ಹೋಗಿದ್ದೆ. ಸಂಜೆ ಬಂದರೆ ಒಳಗೆಲ್ಲ ಎಣ್ಣೆಯ ವಾಸನೆ. ನಿಮ್ಮ ಅಜ್ಜನ ಮಗ್ಗ ಮಿರಮಿರ ಮಿಂಚುತ್ತಿತ್ತು. ಹಣಿಗೆ ಬರಿದಾಗಿತ್ತು. ಎಳೆಗಳು ಕಸದ ಬುಟ್ಟಿಯಲ್ಲಿದ್ದವು. ಅವರ ಕಾಲೇಜಿನಲ್ಲಿ ಮಗ್ಗವನ್ನು ಪೂರ್ತಿ ಬಿಡಿಸಿ, ಒರೆಸಿ, ಮುಂದಿನವರಿಗೆ ಕೊಡುವುದೇ ಮರ್ಯಾದೆಯಂತೆ. ನಿಂತುಹೋದ ಮಗ್ಗದ ತುದಿ ಯಾರಿಗೂ ಬೇಡವೆಂದುಕೊಂಡು, ನನಗೆಂದು ಮಾಡಿದ್ದಳು.

"ನೋಡ್ರಿ ಅಕ್ಕಾ, ಛಲೋ ಆತಿಲ್ಲ?"

"ಛಲೋ ಆತು" ಎಂದೆ. ಅವಳು ಆಚೆ ಹೋದ ಮೇಲೆ ಬುಟ್ಟಿಯಿಂದ ಎಳೆಗಳನ್ನು ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡೆ.

ಎರಡು ದಿನ ಎಂದಿನಂತೆ ಊಟಕ್ಕೆ ಬಡಿಸಿದೆ, ಎಳೆಗಳು ಸೆರಗಿನಲ್ಲೇ ಇದ್ದವು. ಛಲೋ ಎಂದಿದ್ದೆನಲ್ಲ, ಅವಳು ಹಾಡು ಗುನುಗುತ್ತಾ ತಿರುಗಿದಳು. ಸೀರೆ ಮಾರಲು ಪರ ಊರಿಗೆ ಹೋಗಿದ್ದ ಮೈದುನ ಮೂರನೆಯ ದಿನ ತಿರುಗಿ ಬಂದು, ಬರಿದಾದ ಮಗ್ಗ ನೋಡಿ ಕೂಗಿಕೊಂಡ: "ಏನ ಮಾಡಿದಿ ಬೇ! ನಮ್ಮಣ್ಣನ ಎಳಿ ಕಿತ್ತಿಯಲ್ಲ!" ಅವಳು ಅಡುಗೆಮನೆಗೆ ಓಡಿ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಅಕ್ಕಾ, ನೀವು ಛಲೋ ಆತು ಅಂದ್ರಿ. ಖರೆ ಯಾಕ ಹೇಳಲಿಲ್ಲ? ಇಲ್ಲಿ ಛಲೋ ಅಂದ್ರ ಛಲೋ ಅಲ್ಲೇನ್ರಿ?"

ಸೆರಗಿನ ಗಂಟು ಬಿಚ್ಚಿ ಎಳೆಗಳನ್ನು ತೋರಿಸಿದೆ. "ಅವರ ಕೈಯಾಗಿನ ಕಡೀ ಎಳಿ ಇದ್ದೂ" ಎಂದೆ. ಅಷ್ಟು ಹೇಳುವುದರೊಳಗೆ ಅತ್ತುಬಿಟ್ಟೆ. ಅವಳೂ ಅತ್ತಳು.

ಮೈದುನ ಬಾಗಿಲಲ್ಲಿ ನಿಂತು ಗೊಣಗಿದ: "ಬರೇ ಅಳಾಕ ಬರ್ತೈತೇನು ಇಬ್ಬರಿಗೂ? ಹಾಸು ನಾ ಕೊಡತೇನಿ, ಏರಸ್ರಿ. ಒಬ್ಬರ ಕೈಲೆ ಆಗೂದಲ್ಲ ಅದು."

ಖರೆ, ಬರಿದಾದ ಮಗ್ಗಕ್ಕೆ ಹಾಸು ಏರಿಸಲು ಇಬ್ಬರು ಬೇಕು. ಹಿಂದೆ ಕೂತವರು ಎಳೆ ಕೊಡಬೇಕು. ಮುಂದೆ ಕೂತವರು ಕೊಕ್ಕೆಯಿಂದ ಅದನ್ನು ಹಣಿಗೆಯ ಸಂದಿಯಲ್ಲಿ ಎಳೆದುಕೊಳ್ಳಬೇಕು. ಒಂದು ಎಳೆ ತಪ್ಪಿದರೆ ಬಟ್ಟೆಯುದ್ದಕ್ಕೂ ಗೆರೆ ಬೀಳುತ್ತದೆ. ಮನೆಯ ಕೊಕ್ಕೆ ಎಲ್ಲೋ ಕಳೆದಿತ್ತು. ಮೈದುನ ಹಳೆಯ ಕೊಡೆ ಮುರಿದು ಒಂದು ಮಾಡಿಕೊಟ್ಟ. ನಾನು ಹಿಂದೆ ಕೂತೆ, ಅವಳು ಮುಂದೆ. ಅವಳು ತನ್ನ ಭಾಷೆಯಲ್ಲಿ ಎಣಿಸಿದರೆ ನಾನು ನನ್ನ ಭಾಷೆಯಲ್ಲಿ. ಎಳೆಗಳ ನಡುವೆ ಅವಳ ಮುಖ ಚೂರುಚೂರಾಗಿ ಕಾಣುತ್ತಿತ್ತು. ಐದನೆಯ ದಿನ ನಡುವೆ ಒಂದು ಎಳೆ ತಪ್ಪಿದ್ದನ್ನು ನಾನು ಕಂಡೆ. ಸುಮ್ಮನಿರೋಣವೆನಿಸಿತು. ಆಮೇಲೆ ಹೇಳಿದೆ: "ತಪ್ಪೈತಿ ನೋಡವಾ. ಬಿಚ್ಚಬೇಕು."

ಅರ್ಧ ದಿನದ ಕೆಲಸ ಹಾಳಾಯಿತು. ಅವಳ ಮುಖ ಮಾತ್ರ ಅರಳಿತು. "ಈಗ ಖರೆ ಹೇಳಿದ್ರಿ!" ಎಂದು ಎಳೆಗಳ ಸಂದಿಯಿಂದ ನನ್ನ ಬೆರಳು ಹಿಡಿದು ಅಲುಗಿಸಿದಳು.

ಕೊನೆಯ ಎಳೆ ಉಳಿದಾಗ ಅವಳು ಎದ್ದು ಬಂದು ಕೈ ಚಾಚಿದಳು. ಅರ್ಥವಾಯಿತು. ನಿಮ್ಮ ಅಜ್ಜನ ಎಳೆಗಳಲ್ಲಿ ಉದ್ದವಾದದ್ದನ್ನು ಸೆರಗಿನಿಂದ ಆರಿಸಿ ಕೊಟ್ಟೆ. ಅದನ್ನು ಅವಳು ಹಿಡಿದಳು, ನಾನು ಬೂದಿ ಹಚ್ಚಿ ಅಂಚಿನ ಎಳೆಗೆ ಹೊಸೆದೆ.

"ಈಗ ನೀವು ಕುಂದರ್ರಿ" ಎಂದಳು. ನಾನು ಹಿಂಜರಿದೆ. "ಇಳೀರಿ ವೈನಿ, ಮಗ್ಗ ಕಚ್ಚೂದಿಲ್ಲ" ಎಂದ ಮೈದುನ. ಕುಣಿಗೆ ಇಳಿದೆ. ಕಾಲು ಇಟ್ಟಲ್ಲಿ ತುಳಿಯುವ ಹಲಗೆ ಸವೆದು ನುಣುಪಾಗಿತ್ತು, ನಿಮ್ಮ ಅಜ್ಜನ ಕಾಲಿನಿಂದ... ನಾನು ಎಸೆದ ಲಾಳಿ ಹಾರಿ ನೆಲಕ್ಕೆ ಬಿತ್ತು. ಅವಳು ಎತ್ತಿಕೊಟ್ಟಳು. ಮೂರು ದಿನಕ್ಕೆ ಹೊರಟುಹೋದಳು.

ಆ ಹಾಸು ಮುಗಿದ ಮೇಲೆ ಇನ್ನೊಂದು, ಆಮೇಲೆ ಮತ್ತೊಂದು. ಕಣ್ಣು ಮಂಜಾಗುವವರೆಗೂ ನಾನು ನೇಯ್ದೆ. ಆ ಎಳೆಗಳನ್ನು ಅವಳು ಕೀಳದಿದ್ದರೆ ಧೂಳು ಝಾಡಿಸುತ್ತಲೇ ಮುದುಕಿಯಾಗುತ್ತಿದ್ದೆ. ಇದನ್ನು ಅವಳಿಗೆ ಹೇಳಲಿಲ್ಲ. ಪತ್ರ ಬರೆಯಲು ನಾಚಿ ನಾಚಿ ವರ್ಷಗಳು ಕಳೆದವು. ಕೊನೆಗೆ ನಿಮ್ಮ ಅಪ್ಪನಿಂದ ವಿಳಾಸ ಬರೆಸಿ ಕಳಿಸಿದೆ. ಆ ಮನೆಯಲ್ಲಿ ಅವಳಿಲ್ಲವೆಂದು ಕಾಗದ ತಿರುಗಿ ಬಂತು. ಈಗ ಮೈದುನನೂ ಇಲ್ಲ. ಮಗ್ಗದ ಕುಣಿ ತುಂಬಿಸಿ ಫರಸಿ ಕಲ್ಲು ಹಾಸಿದ್ದೇವೆ. ಅದರ ಮೇಲೆಯೇ ನೀವು ಕೂತು ಟಿ.ವಿ. ನೋಡುತ್ತೀರಿ.

ಸಣ್ಣವಳು ಕೊಕ್ಕೆ ಹಿಡಿದು ಕಾಯುತ್ತಿದ್ದಳು. "ಏನಾರ ಮಾಡವಾ" ಎಂದು ಬಾಯಿಗೆ ಬಂದಿತ್ತು.

"ಒಗೀಬ್ಯಾಡ" ಎಂದೆ. "ಅದು ನನಗ ಬೇಕು."