ಮುಟ್ಟಬಾರದ ಗಿಡ

ಕೃಷ್ಣಯ್ಯನವರು ನಕ್ಷೆ ಬರೆಯುವ ಕೆಲಸದಿಂದ ನಿವೃತ್ತರಾಗಿ ರಾಜಾಜಿನಗರದಲ್ಲಿ ಮನೆ ಕಟ್ಟಿಕೊಂಡಾಗ ಹೆಂಡತಿ ತೀರಿಕೊಂಡಿದ್ದರು. ಅಕ್ಕಪಕ್ಕದವರೊಡನೆ ಮಾತಿಲ್ಲ. ಇದ್ದ ಅಕ್ಕರೆಯೆಲ್ಲ ಜಗಲಿಯ ಕುಂಡಗಳಿಗೆ. ದಂಡು ಪ್ರದೇಶದ ಬಂಗಲೆಯೊಂದರ ಮಾಲಿ ಕೊಟ್ಟ ಗಿಡಗಳವು. ದಪ್ಪ ಎಲೆಗಳು ಸುತ್ತುಸುತ್ತಾಗಿ ಅರಳಿ ತಾವರೆಯಂತೆ ಕೂತಿರುತ್ತಿದ್ದವು. ಹೆಸರು ತಿಳಿಯದೆ ಕೃಷ್ಣಯ್ಯನವರೇ ಕಲ್ಲುತಾವರೆ ಎಂದರು. ಮರಳಿಗೆ ಇಟ್ಟಿಗೆಚೂರು ಬೆರೆಸಿ ನೆಡುವರು, ನಡುವೆ ಹನಿ ನಿಲ್ಲದಂತೆ ಕುಂಡದ ಅಂಚಿಗಷ್ಟೇ ನೀರು ಬಿಡುವರು. ಎಲೆಗಳ ಮೇಲೆ ವಿಭೂತಿ ಪೂಸಿದಂಥ ಬಿಳುಪಿತ್ತು. ಬೆರಳು ತಾಕಿದರೆ ಅಳಿಸಿಹೋಗುವುದು, ಆ ಎಲೆಗೆ ಮತ್ತೆ ಬಾರದು.

ವಿಧವೆ ತಂಗಿ ಕಲ್ಯಾಣಮ್ಮ ಮನೆ ನೋಡಿಕೊಳ್ಳಲು ಬಂದ ದಿನವೇ, "ಕುಂಡದ ಹತ್ರ ಸುಳೀಬೇಡ" ಎಂದಿದ್ದರು.

ಒಂದು ಸಂಜೆ ಹಳೆಯ ಸಹೋದ್ಯೋಗಿ ಪದ್ಮನಾಭ ಹೆಂಡತಿಯೊಡನೆ ಬಂದರು. ಜಗಲಿಗೆ ಕಾಫಿ ತಂದುಕೊಟ್ಟ ಕಲ್ಯಾಣಮ್ಮ ಗಿಡದ ಮೇಲೆ ಬಿದ್ದಿದ್ದ ಕಸ ತೆಗೆಯಲು ಕೈ ಚಾಚಿದರು.

"ಏಯ್, ಮುಟ್ಬೇಡ! ನಿನ್ನ ಕೈ ತಾಕಿದ್ರೆ ಹಾಳಾಗೋಗುತ್ತೆ!"

ಪದ್ಮನಾಭರ ಹೆಂಡತಿ ಕಲ್ಯಾಣಮ್ಮನ ಬೋಳು ಹಣೆ ನೋಡಿದರು, ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಆಕೆ ಏನು ತಿಳಿದರೆಂಬುದು ಕೃಷ್ಣಯ್ಯನವರಿಗೆ ಅರ್ಥವಾಯಿತು. ಆದರೂ ಯಾರು ಮುಟ್ಟಿದರೂ ಬಿಳುಪು ಅಳಿಸುವುದೆಂದು ತಿಳಿಸಿ ಹೇಳಲಿಲ್ಲ.

ಮರುದಿನ ಪೇಟೆಯಿಂದ ಬಂದು ನೋಡಿದರೆ, ಒಂದು ಎಲೆ ಬಿಡದಂತೆ ಹೆಬ್ಬೆರಳ ಗುರುತು.

"ಯಾಕೆ ಹೀಗೆ ಮಾಡ್ದೆ?"

"ಹಸೆಮಣೆ ಮುಟ್ಬೇಡ ಅಂದ್ರು, ಸುಮ್ಮನಿದ್ದೆ. ಬಸುರಿಗೆ ಬಡಿಸಬೇಡ ಅಂದ್ರು, ಸುಮ್ಮನಿದ್ದೆ. ಈಗ ನಿನ್ನ ಗಿಡಕ್ಕೂ ನಾನು ಮೈಲಿಗೆನಾ? ನೋಡು, ಎಲ್ಲಾ ಮುಟ್ಟಿದೀನಿ. ಯಾವುದು ಸತ್ತಿದೆ, ತೋರ್ಸು!"

ಕೃಷ್ಣಯ್ಯನವರ ಮೈಯೆಲ್ಲ ಉರಿಯಿತು. ಆಕೆಯ ಟ್ರಂಕನ್ನು ಎಳೆದೊಯ್ದು ಬೀದಿಗೆಸೆದರು. ಕಲ್ಯಾಣಮ್ಮ ಅಳಲಿಲ್ಲ, ಕಾಲು ಹಿಡಿಯಲಿಲ್ಲ. ಟ್ರಂಕಿನ ಮೇಲೆ ಕೂತು, ಹೋಗಿಬರುವವರಿಗೆಲ್ಲ, "ನಮ್ಮಣ್ಣ. ಗಿಡ ಮುಟ್ಟಿದ್ದಕ್ಕೆ ಹೊರಗೆ ಹಾಕಿದಾನೆ" ಎಂದು ಗಟ್ಟಿಯಾಗಿ ಹೇಳತೊಡಗಿದರು. ಜನ ಗುಂಪುಗೂಡಿದರು. ಮಾನಕ್ಕಂಜಿ ಕೃಷ್ಣಯ್ಯನವರೇ ಬಾಗಿಲು ತೆರೆದರು. ಒಳಗೆ ಬಾ ಎನ್ನಲಿಲ್ಲ. ಆಕೆಯೇ ಟ್ರಂಕು ಹೊತ್ತು ಒಳಬಂದು ಒಲೆ ಹೊತ್ತಿಸಿದರು.

ಕುಂಡಗಳು ಮಹಡಿಗೆ ಹೋದವು. ಅಲ್ಲಿಯ ಬೀಗದ ಕೈಯನ್ನು ಕೃಷ್ಣಯ್ಯನವರು ಜನಿವಾರಕ್ಕೆ ಕಟ್ಟಿಕೊಂಡರು. ಕಲ್ಯಾಣಮ್ಮ ಮಹಡಿಯ ಬಿಸಿಲು ಸಿಗದೆ ಹಪ್ಪಳವನ್ನು ಬೀದಿ ಬದಿಯಲ್ಲಿ ಒಣಗಿಸುತ್ತ, ಕೇಳಿದವರಿಗೆಲ್ಲ ಕಾರಣ ಹೇಳಿದರು. ಗುರುತು ಬಿದ್ದ ಎಲೆಗಳು ಒಂದೊಂದಾಗಿ ಒಣಗಿ, ನಡುವಿನಿಂದ ಬೂದಿಬಣ್ಣದ ಹೊಸ ಎಲೆಗಳು ಬಂದವು. ಅವನ್ನು ನೋಡಲು ಮಾತ್ರ ಯಾರೂ ಬರಲಿಲ್ಲ. ಕೃಷ್ಣಯ್ಯನವರು ಕರೆಯಲೂ ಇಲ್ಲ. ಕೆಳಗೆ, ಊಟದ ಹೊತ್ತಿಗೆ ತಂಗಿ ಗೋಡೆಗೆ ಹೇಳುವಂತೆ "ಬಡಿಸಿದೀನಿ" ಎನ್ನುವರು. ಅಣ್ಣತಂಗಿಯರ ನಡುವೆ ಕೊನೆಯವರೆಗೂ ಉಳಿದ ಮಾತು ಅದೊಂದೇ.