ಜೋಗ ಬೇಡವೆಂದ ಟೀಚರ್

ಭದ್ರಾವತಿ ಓಲ್ಡ್ ಟೌನಿನ ಹೈಸ್ಕೂಲಿನಲ್ಲಿ ಪ್ರವಾಸೋದ್ಯಮದ ಕ್ಲಾಸು ಶುರು ಮಾಡಿದ ಟೀಚರ್ ಒಬ್ಬರಿದ್ದರು. ನಮ್ಮ ಕಡೆ ನೋಡುವಂಥದ್ದು ಏನಿದೆ ಎಂದು ಕೇಳಿದರೆ ಮಕ್ಕಳೆಲ್ಲ ಜೋಗ ಅನ್ನುತ್ತಿದ್ದರು. ಇವರು ಟ್ರಾಫಿಕ್ ಪೊಲೀಸರಂತೆ ಕೈ ಎತ್ತಿ, "ಜೋಗ ಬಿಟ್ಟು ಹೇಳಿ" ಎನ್ನುತ್ತಿದ್ದರು.

ನಾನು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಟ್ರಾವೆಲ್ಸ್ ಇಟ್ಟು, ಜೋಗದಿಂದಲೇ ಅನ್ನ ತಿನ್ನುವವನು. ಬುದ್ಧಿ ಹೇಳಲು ಹೋದೆ.

"ಮೇಡಂ, ರೇಟು ಕಮ್ಮಿ ಮಾಡ್ತೀನಿ, ಮಕ್ಕಳನ್ನ ನಮ್ಮ ಬಸ್ಸಲ್ಲಿ ಜೋಗಕ್ಕೆ ಕಳಿಸಿ."

"ನಿಮಗೂ ಅದೇ ಮಾತು. ಜೋಗ ಬಿಟ್ಟು ಹೇಳಿ!"

ರೇಟಿನ ಚೀಟಿ ಮಡಚಿ ಜೇಬಿಗೆ ಹಾಕಿಕೊಂಡೆ.

ಶಾಲಾ ಸಮಿತಿಯ ಅಧ್ಯಕ್ಷರಿಗೆ ಆ ಕ್ಲಾಸು ದಂಡ ಅನ್ನಿಸಿತ್ತು. ಟೀಚರ್ ಪಟ್ಟು ಹಿಡಿದದ್ದಕ್ಕೆ, ಮುಚ್ಚಿಸುವ ಮೊದಲು ಒಂದು ಬೆಳಿಗ್ಗೆ ಪ್ರವಾಸಿಯಾಗಿ ಬರಲು ಒಪ್ಪಿದರು. ನಾನೂ ಜೊತೆಗೆ ಹೋದೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ನಮ್ಮನ್ನು ನೇರವಾಗಿ ತನ್ನ ಬೀದಿಯ ನಲ್ಲಿಗೆ ಕರೆದೊಯ್ದಳು. ಅಲ್ಲಿ ತಮಿಳು, ತೆಲುಗು, ಉರ್ದು ಮೂರರಲ್ಲೂ ಬಿಂದಿಗೆ ಜಗಳ ಜೋರಾಗಿತ್ತು.

"ಏನಮ್ಮಾ, ಇದನ್ನ ನೋಡೋಕೆ ಯಾರು ಬರ್ತಾರೆ?" ಎಂದು ಅಧ್ಯಕ್ಷರು ಗದರಿದರು.

"ನೋಡೋಕಲ್ಲ ಸಾರ್, ಕೇಳೋಕೆ. ಆ ತಮಿಳು ಆಂಟಿ ಹೇಳ್ತಿದಾರೆ, ನಿನ್ನ ಬಿಂದಿಗೆ ಏನು ನಿಮ್ಮತ್ತೆನಾ, ಯಾವಾಗ್ಲೂ ಎಲ್ಲರ ಮುಂದೆ ಬಂದು ನಿಲ್ಲೋಕೆ ಅಂತ."

ಅಧ್ಯಕ್ಷರು ನಕ್ಕು ಮುಂದಕ್ಕೆ ಬಗ್ಗಿದರು. ಟೀಚರ್ ತುಟಿ ಬಿಚ್ಚಲಿಲ್ಲ. ವ್ಯಾಪಾರ ಮಾಡುವವರು ಇದನ್ನು ಕಲಿಯಬೇಕು, ಗಿರಾಕಿ ತಾನಾಗಿ ಬಗ್ಗಿದಾಗ ನಾವು ಸುಮ್ಮನಿರಬೇಕು. ಆದರೆ ವ್ಯಾಪಾರ ಕುದುರಿಸಲು ಒಬ್ಬರಾದರೂ ಬೇಕಲ್ಲ, ನಾನೇ ಕೇಳಿದೆ:

"ಸಾರ್, ಹಾಗಾದ್ರೆ ಕ್ಲಾಸು?"

"ನಡೀಲಿ ಮಾರಾಯ, ಈಗ ಸುಮ್ನಿರು! ಹೇಳಮ್ಮ, ಆ ಬಿಂದಿಗೆಯಾಕೆ ತಿರುಗಿ ಏನಂದ್ಳು?"